ಹೆಡ್‌ಸೆಟ್ ಕಳಚಿದ ಮೇಲೂ ಕಿವಿಯಲ್ಲಿ ಉಳಿಯುವ ಕೂಗು

ಯುವಜನರ ಅಧ್ಯಯನ ಪಾಠ



ಬಿಎಸ್ಸಿ ಮುಗಿಸಿದ ವರ್ಷ ನಾವು ನಾಲ್ವರು ಗೆಳೆಯರು ಹೊಸೂರಿನಿಂದ ಒಂದೇ ಕ್ಯಾಬಿನಲ್ಲಿ ಅತ್ತಿಬೆಲೆ ದಾಟಿ ಎಲೆಕ್ಟ್ರಾನಿಕ್ ಸಿಟಿಗೆ ಕೆಲಸಕ್ಕೆ ಹೋಗುತ್ತಿದ್ದೆವು. ಮನೆಗಳಿಗೆ ಇಂಟರ್ನೆಟ್ ಕೊಡುವ ಒಂದು ಸೇವೆಯ ದೂರು ವಿಭಾಗ ಅದು. ಕನ್ನಡ, ತಮಿಳು, ತೆಲುಗು ಮೂರೂ ಬರುತ್ತವೆ ಎಂಬ ಕಾರಣಕ್ಕೆ ನಮ್ಮ ಊರಿನ ಹುಡುಗ ಹುಡುಗಿಯರಿಗೆ ಇಂಥ ಕೆಲಸ ಬೇಗ ಸಿಗುತ್ತದೆ. ಯಾವ ಭಾಷೆಯ ಕ್ಯೂ ಉದ್ದವಾಗಿದೆಯೋ ಅದಕ್ಕೆ ನಮ್ಮನ್ನು ಹಾಕುತ್ತಿದ್ದರು. ಹಾಗಾಗಿ ಮೂರು ಭಾಷೆಯ ಬೈಗುಳವೂ ನಮ್ಮ ಪಾಲಿಗೇ ಬರುತ್ತಿತ್ತು.

ಒಂದು ರಾತ್ರಿ ನಮ್ಮಲ್ಲೊಬ್ಬ ಹನ್ನೊಂದು ಗಂಟೆಗೆ ಮನೆ ಸೇರಿದ. ತಾಯಿ ಊಟ ಮಾಡದೆ ಕಾಯುತ್ತಿದ್ದರು. ಮುದ್ದೆ ಆರಿತ್ತು, ಹುರುಳಿ ಸಾರಿಗೆ ಉಪ್ಪು ಒಂದಿಷ್ಟು ಹೆಚ್ಚಾಗಿತ್ತು. ಅವನು ತಟ್ಟೆ ದೂಡಿ, "ಒಂದು ಕೆಲಸಾನೂ ನೆಟ್ಟಗೆ ಮಾಡೋಕೆ ಬರಲ್ವಾ ನಿಂಗೆ?" ಎಂದುಬಿಟ್ಟ. ತಾಯಿ ಏನೂ ಹೇಳದೆ ಒಳಗೆ ಹೋದರು. ಆಮೇಲೆ ಅವನಿಗೆ ಹೊಳೆಯಿತು: ಅದು ಅವನ ಮಾತೇ ಅಲ್ಲ. ಅದೇ ಸಂಜೆ ಏಳು ಗಂಟೆಗೆ ಒಬ್ಬ ಗ್ರಾಹಕರು ಅವನಿಗೆ ಹೇಳಿದ್ದ ಮಾತು, ಅಕ್ಷರಕ್ಕೆ ಅಕ್ಷರ ಅದೇ. ಆ ಕೂಗನ್ನು ಅವನು ಹೊಸೂರು ರಸ್ತೆಯುದ್ದಕ್ಕೂ ಹೊತ್ತು ತಂದು ಹೆತ್ತ ತಾಯಿಯ ಮೇಲೆ ಇಳಿಸಿದ್ದ.

ಕಳೆದ ತಿಂಗಳ ಯುವಜನ ಕೂಟದಲ್ಲಿ ಈ ಪ್ರಸಂಗವನ್ನು ಹಂಚಿಕೊಂಡಾಗ ಕಾಲ್ ಸೆಂಟರಿನವರು ಮಾತ್ರವಲ್ಲ, ಆಸ್ಪತ್ರೆಯ ರಿಸೆಪ್ಶನ್‌ನಲ್ಲಿ ಕೂರುವವರು, ನರ್ಸುಗಳು, ಪೆಟ್ರೋಲ್ ಬಂಕಿನ ಹುಡುಗರು, ಬ್ಯಾಂಕ್ ಕೌಂಟರಿನವರು, ಮನೆಮನೆಗೆ ಪಾರ್ಸೆಲ್ ಮುಟ್ಟಿಸುವವರು ಎಲ್ಲರೂ ತಮ್ಮ ತಮ್ಮ ಕಥೆ ಹೇಳಿದರು. ಈ ತಿಂಗಳ ಪಾಠ ಅಲ್ಲಿ ಹುಟ್ಟಿತು. ಕೋಪಗೊಂಡವರ ಎದುರು ದಿನವಿಡೀ ಕೂರುವ ನಾವು ನಮ್ಮ ಮನಸ್ಸನ್ನು ಕಾಪಾಡಿಕೊಳ್ಳುವುದು ಹೇಗೆ?

1. ಆ ಕೋಪ ಯಾರ ಮೇಲಿನದು?

ಮೂರು ದಿನದಿಂದ ಇಂಟರ್ನೆಟ್ ಇಲ್ಲದವರು ಕೂಗುವುದು ಕೆಟ್ಟುಹೋದ ಕೇಬಲ್ ಮೇಲೆ, ಬರುತ್ತೇನೆಂದು ಬಾರದ ಟೆಕ್ನೀಶಿಯನ್ ಮೇಲೆ, ಎರಡು ಸಲ ಕಡಿತವಾದ ಹಣದ ಮೇಲೆ. ಆದರೆ ಕೇಬಲ್‌ಗೆ ಕಿವಿಯಿಲ್ಲ. ಆ ನಿಯಮ ಮಾಡಿದ ಅಧಿಕಾರಿ ಅವರ ಕೈಗೆ ಸಿಗುವುದಿಲ್ಲ. ಸಿಗುವುದು ನಾವು. ಅಂಚೆಪೆಟ್ಟಿಗೆಗೆ ಬಿದ್ದ ಪತ್ರ ಪೆಟ್ಟಿಗೆಗೆ ಬರೆದದ್ದಲ್ಲ. ಹಾಗೆಯೇ ನಮ್ಮ ಕಿವಿಗೆ ಬಿದ್ದ ಕೋಪವೆಲ್ಲ ನಮಗೆ ಬಂದದ್ದಲ್ಲ.

ಇದನ್ನು ಹೇಳುವುದು ಸುಲಭ, ನಂಬುವುದು ಕಷ್ಟ. ಏಕೆಂದರೆ ಕೆಲವರು ನಮ್ಮನ್ನೇ ಹುಡುಕಿ ಚುಚ್ಚುತ್ತಾರೆ. ಬೆಂಗಳೂರಿನವರು "ಇದೇನ್ರೀ ನಿಮ್ಮ ಕನ್ನಡ, ತಮಿಳಿನ ಥರ ಇದೆ" ಎನ್ನುತ್ತಾರೆ. ತಮಿಳು ಕ್ಯೂನಲ್ಲಿ "ನೀನು ಕನ್ನಡದವನಾ, ತಮಿಳು ಬರುವವರನ್ನು ಕೊಡು" ಎನ್ನುತ್ತಾರೆ. ಗಡಿಯಲ್ಲಿ ಬೆಳೆದ ನಮಗೆ ಈ ಮಾತು ಬೇರೆ ಬೈಗುಳಕ್ಕಿಂತ ಆಳಕ್ಕೆ ಇಳಿಯುತ್ತದೆ. ಆಗಲೂ ನೆನಪಿಡೋಣ: ಹಾಳಾದ ಸೇವೆಯ ಸಿಟ್ಟನ್ನು ಇಳಿಸಲು ಅವರ ಕೈಗೆ ಸಿಕ್ಕ ಕಲ್ಲು ಅದು. ಕಲ್ಲು ಬೇರೆ ಬೇರೆ, ಸಿಟ್ಟು ಒಂದೇ. ಮೂರು ಭಾಷೆಯಲ್ಲಿ ಸಮಾಧಾನ ಹೇಳಬಲ್ಲವರಿಗೆ ಭಾಷೆ ಕೊರತೆಯಲ್ಲ, ಕಸುಬು.

2. ನಮ್ಮ ಮೈಯಲ್ಲಿ ಏನಾಗುತ್ತದೆ?

ಎದುರಿನವರು ಕೂಗಿದ ಕೂಡಲೇ ನಮ್ಮ ಮೆದುಳು ಅದನ್ನು ಅಪಾಯವೆಂದು ಓದುತ್ತದೆ. ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಗಳಿಂದ ಅಡ್ರಿನಲಿನ್ ಹರಿಯುತ್ತದೆ. ಹೃದಯ ಜೋರಾಗಿ ಬಡಿಯುತ್ತದೆ, ಉಸಿರು ಮೇಲೆ ಮೇಲೆ ಆಡುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಕಾಡುಪ್ರಾಣಿ ಎದುರಾದರೆ ಓಡಲೋ ಹೊಡೆದಾಡಲೋ ಬೇಕಾದ ಸಿದ್ಧತೆ ಇದು. ಆದರೆ ಕೌಂಟರಿನ ಹಿಂದೆ ಕುಳಿತ ನಾವು ಓಡುವಂತಿಲ್ಲ, ಹೊಡೆಯುವಂತಿಲ್ಲ. "ಕ್ಷಮಿಸಿ ಸರ್" ಎನ್ನುತ್ತ ನಗುದನಿಯಲ್ಲಿ ಕೂರಬೇಕು. ಮೈ ಸಿದ್ಧವಾದದ್ದು ಖರ್ಚಾಗದೆ ಒಳಗೇ ಉಳಿಯುತ್ತದೆ. ಅದು ಇಳಿಯುವ ಮುಂಚೆಯೇ ಮುಂದಿನ ಕರೆ ಬೀಳುತ್ತದೆ. ಇಡೀ ದಿನ ಕುರ್ಚಿಯಲ್ಲೇ ಕುಳಿತಿದ್ದರೂ ಸಂಜೆಗೆ ಮೂಟೆ ಹೊತ್ತವರಂತೆ ಮೈ ನೋಯುವುದು ಇದಕ್ಕೇ.

ಇನ್ನೊಂದು ಮಾತು. ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹೋಕ್‌ಶೀಲ್ಡ್ ಅವರು ವಿಮಾನದ ಪರಿಚಾರಿಕೆಯರ ಮತ್ತು ಸಾಲ ವಸೂಲಿ ಮಾಡುವವರ ಕೆಲಸವನ್ನು ಹತ್ತಿರದಿಂದ ನೋಡಿ 1983ರಲ್ಲಿ ಒಂದು ಪುಸ್ತಕ ಬರೆದರು. ಸಂಬಳಕ್ಕಾಗಿ ನಗುವುದು, ಸಂಬಳಕ್ಕಾಗಿ ಸಿಟ್ಟನ್ನು ನುಂಗುವುದು ಕೂಡ ದುಡಿಮೆಯೇ ಎಂದು ಅವರು ತೋರಿಸಿದರು. ಒಳಗೆ ಕುದಿಯುತ್ತ ಹೊರಗೆ ಮಾತ್ರ ನಗುವುದು ಒಂದು ಬಗೆ. ಎದುರಿನವರ ಕಷ್ಟವನ್ನು ಯೋಚಿಸಿ ನಮ್ಮ ಒಳಗನ್ನೇ ಮೆತ್ತಗೆ ಮಾಡಿಕೊಳ್ಳುವುದು ಇನ್ನೊಂದು ಬಗೆ. ಮೊದಲನೆಯದು ಹೆಚ್ಚು ಸವೆಸುತ್ತದೆ. ಎರಡನೆಯದೂ ಪುಕ್ಕಟೆಯಲ್ಲ. ದುಡಿಮೆ ಎಂದ ಮೇಲೆ ದಣಿವುಂಟು, ದಣಿವಿಗೆ ವಿಶ್ರಾಂತಿ ಬೇಕು. "ಎಸಿಯಲ್ಲಿ ಕೂತು ಫೋನಲ್ಲಿ ಮಾತಾಡೋ ಕೆಲಸ, ಅದರಲ್ಲೇನು ಕಷ್ಟ?" ಎನ್ನುವ ಹಿರಿಯರು ದಯವಿಟ್ಟು ಈ ಪ್ಯಾರಾವನ್ನು ಇನ್ನೊಮ್ಮೆ ಓದಬೇಕು.

3. ಕೋಪ ಒಂದೇ ಬಗೆಯದಲ್ಲ, ಉತ್ತರವೂ ಒಂದೇ ಅಲ್ಲ

ನಾವು ಮಾಡುತ್ತಿದ್ದ ದೊಡ್ಡ ತಪ್ಪೆಂದರೆ ಎಲ್ಲ ಕೋಪಕ್ಕೂ ಒಂದೇ ಉತ್ತರ ಕೊಡುತ್ತಿದ್ದುದು. ಅನುಭವದಿಂದ ಕಲಿತದ್ದು ಹೀಗೆ: ಕೋಪದಲ್ಲಿ ಮೂರು ಬಗೆಯುಂಟು.

ಮೊದಲನೆಯದು, ದೂರಿನ ಕೋಪ. ದನಿ ದೊಡ್ಡದಾದರೂ ಮಾತೆಲ್ಲ ತೊಂದರೆಯ ಸುತ್ತಲೇ ಇರುತ್ತದೆ. ಇವರಿಗೆ ಬೇಕಾದದ್ದು ಕೇಳುವ ಕಿವಿ. ಮಧ್ಯೆ ಬಾಯಿ ಹಾಕದೆ ಮುಗಿಯುವವರೆಗೆ ಕೇಳಿ. ಆಮೇಲೆ ಅವರ ತೊಂದರೆಯನ್ನು ನಿಮ್ಮ ಬಾಯಲ್ಲಿ ಒಮ್ಮೆ ಹೇಳಿ: "ಸರ್, ಮೂರು ದಿನದಿಂದ ಲೈನ್ ಇಲ್ಲ, ಎರಡು ಸಲ ಹೇಳಿಯೂ ಯಾರೂ ಬಂದಿಲ್ಲ, ಸರಿನಾ? ಕೋಪ ಬರೋದು ಸಹಜ. ಈಗ ನನ್ನ ಕೈಯಲ್ಲಿ ಏನಾಗುತ್ತೆ ಅಂತ ಹೇಳ್ತೀನಿ." ನಿಮ್ಮ ಕೈಯಲ್ಲಿ ಆಗದ್ದಕ್ಕೆ ಮಾತು ಕೊಡಬೇಡಿ. "ಇವತ್ತೇ ಆಗುತ್ತೆ" ಎಂದು ಸುಮ್ಮನೆ ಹೇಳಿದರೆ ನಾಳೆ ಬೈಗುಳ ತಿನ್ನುವವರು ನಿಮ್ಮ ಪಕ್ಕದ ಸೀಟಿನವರು.

ಎರಡನೆಯದು, ಹೀಯಾಳಿಸುವ ಕೋಪ. ಮಾತು ತೊಂದರೆಯನ್ನು ಬಿಟ್ಟು ನಿಮ್ಮ ಬುದ್ಧಿ, ಭಾಷೆ, ಊರು, ಮನೆತನದ ಮೇಲೆ ತಿರುಗುತ್ತದೆ. ಇಲ್ಲಿ ಒಂದು ಗೆರೆ ಎಳೆಯಬೇಕು, ದನಿ ಏರಿಸದೆ: "ಮೇಡಂ, ನಿಮ್ಮ ಕೆಲಸ ಮಾಡಿಕೊಡೋಕೆ ನಾನು ಸಿದ್ಧ ಇದ್ದೀನಿ. ಇಂಥ ಮಾತು ಬೇಡ. ಲೈನಿನ ವಿಷಯ ಮಾತಾಡೋಣ." ಒಮ್ಮೆ ಹೇಳಿ. ನಿಲ್ಲದಿದ್ದರೆ ಇನ್ನೊಮ್ಮೆ ಹೇಳಿ, ಆಮೇಲೆ ಟೀಮ್ ಲೀಡರಿಗೆ ಒಪ್ಪಿಸಿ. ಅದು ಸೋಲಲ್ಲ, ಅವರ ಕೆಲಸವೇ ಅದು.

ಮೂರನೆಯದು, ಬೆದರಿಕೆ ಮತ್ತು ಅಶ್ಲೀಲ ಮಾತು. "ಎಲ್ಲಿದೀಯ ಹೇಳು, ಬಂದು ನೋಡ್ಕೋತೀನಿ" ಎನ್ನುವವರು, ಹುಡುಗಿಯ ದನಿ ಕೇಳಿದ ಕೂಡಲೇ ಕೊಳಕು ಮಾತು ಶುರುಮಾಡುವವರು. ಇದು ಗ್ರಾಹಕರ ಕೋಪವೇ ಅಲ್ಲ, ಅಪರಾಧದ ಹಾದಿ. ಇಲ್ಲಿ ಸಹಿಸಿಕೊಳ್ಳಬೇಕಾದದ್ದು ಏನೂ ಇಲ್ಲ. ಕರೆ ಕೊನೆಗೊಳಿಸಲು ನಿಮ್ಮ ಕಂಪನಿಯ ನಿಯಮ ಏನು ಹೇಳುತ್ತದೆಂದು ಕೆಲಸಕ್ಕೆ ಸೇರಿದ ವಾರವೇ ಕೇಳಿ ತಿಳಿದುಕೊಳ್ಳಿ. ಟಿಕೆಟ್ ನಂಬರ್, ಸಮಯ, ಹೇಳಿದ ಮಾತು ಇದ್ದ ಹಾಗೆಯೇ ಬರೆದಿಡಿ.

ಹೆಣ್ಣುಮಕ್ಕಳು ಒಂದು ಕಾನೂನನ್ನು ತಿಳಿದಿರಬೇಕು. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ, ಸಹೋದ್ಯೋಗಿಗಳಿಂದ ಮಾತ್ರವಲ್ಲ, ಕೆಲಸದ ಸ್ಥಳದಲ್ಲಿ ಸಂಪರ್ಕಕ್ಕೆ ಬರುವ ಇತರರಿಂದಲೂ ಸುರಕ್ಷತೆ ಒದಗಿಸುವುದು ಮಾಲೀಕರ ಕರ್ತವ್ಯ. 10 ಅಥವಾ ಹೆಚ್ಚು ನೌಕರರಿರುವ ಕಡೆ ಆಂತರಿಕ ದೂರು ಸಮಿತಿ ಇರಲೇಬೇಕು. ಘಟನೆ ನಡೆದ 3 ತಿಂಗಳೊಳಗೆ ಲಿಖಿತ ದೂರು ಕೊಡಬಹುದು.

4. "ಇನ್ನೊಂದು ಕೆನ್ನೆ" ಎಂದರೆ ಇದೇನಾ?

ಕೂಟದಲ್ಲಿ ಆಸ್ಪತ್ರೆಯ ರಿಸೆಪ್ಶನ್‌ನಲ್ಲಿರುವ ತಂಗಿಯೊಬ್ಬಳು ಕೇಳಿದಳು: "ಯಾರಾದರೂ ಬೈದರೆ ಸಹಿಸಿಕೋ, ಅದೇ ನಿನ್ನ ಶಿಲುಬೆ ಅಂತ ಅಜ್ಜಿ ಹೇಳ್ತಾರೆ. ಟೀಮ್ ಲೀಡರಿಗೆ ದೂರು ಕೊಟ್ಟರೆ ಪಾಪ ಆಗುತ್ತಾ?" ನಮ್ಮ ಮನೆಗಳಲ್ಲಿ ಬೆಳೆದವರ ಮನಸ್ಸಿನಲ್ಲಿ ಈ ಪ್ರಶ್ನೆ ಇದ್ದೇ ಇರುತ್ತದೆ. ಹಾಗಾಗಿ ಅದನ್ನು ದಾಟಿ ಹೋಗುವಂತಿಲ್ಲ.

ಸಂತ ಯೊವಾನ್ನರ ಶುಭಸಂದೇಶದ 18ನೇ ಅಧ್ಯಾಯವನ್ನು ತೆರೆದು ನೋಡಿ. ಪ್ರಧಾನ ಯಾಜಕನ ವಿಚಾರಣೆಯಲ್ಲಿ ಒಬ್ಬ ಕಾವಲುಗಾರ ಯೇಸುಸ್ವಾಮಿಯ ಕೆನ್ನೆಗೆ ಹೊಡೆಯುತ್ತಾನೆ. ಸ್ವಾಮಿ ತಿರುಗಿ ಹೊಡೆಯುವುದಿಲ್ಲ, ಬೈಯುವುದೂ ಇಲ್ಲ. ಆದರೆ ಸುಮ್ಮನಿರುವುದೂ ಇಲ್ಲ. ತಾನು ಹೇಳಿದ್ದರಲ್ಲಿ ತಪ್ಪಿದ್ದರೆ ತೋರಿಸು, ತಪ್ಪಿಲ್ಲದಿದ್ದರೆ ಹೊಡೆದದ್ದೇಕೆ ಎಂದು ನೇರವಾಗಿ ಕೇಳುತ್ತಾರೆ. ಸೇಡು ತೀರಿಸಿಕೊಳ್ಳದಿರುವುದು ಬೇರೆ, ಅನ್ಯಾಯಕ್ಕೆ ಹೆಸರಿಡದಿರುವುದು ಬೇರೆ. ಮೊದಲನೆಯದು ಕ್ಷಮೆ. ಎರಡನೆಯದು ನಮ್ಮನ್ನು ಸವೆಸುವುದಲ್ಲದೆ, ನಾಳೆ ಅದೇ ಕುರ್ಚಿಗೆ ಬರುವ ಇನ್ನೊಬ್ಬಳನ್ನೂ ಅದೇ ಬಾಯಿಗೆ ಒಡ್ಡುತ್ತದೆ. ಬೈದವರ ಮೇಲೆ ಹಗೆ ಇಟ್ಟುಕೊಳ್ಳದೆಯೇ ದೂರು ಬರೆಯಬಹುದು. ಅದು ಪಾಪವಲ್ಲ.

5. ಕರೆ ಮತ್ತು ಕರೆಯ ನಡುವೆ

ಇಷ್ಟು ತಿಳಿದರೂ ಎದೆಬಡಿತ ತಾನಾಗಿ ಇಳಿಯುವುದಿಲ್ಲ. ಅದಕ್ಕೆ ನಾವು ಮಾಡಿ ನೋಡಿದ ಕೆಲವು ಕೆಲಸಗಳು ಇಲ್ಲಿವೆ.

ಉಸಿರು. ನಾಲ್ಕು ಎಣಿಸುವವರೆಗೆ ಮೂಗಿನಿಂದ ಉಸಿರು ಎಳೆದುಕೊಳ್ಳಿ, ಆರು ಎಣಿಸುವವರೆಗೆ ನಿಧಾನವಾಗಿ ಬಿಡಿ. ಐದು ಸಲ. ಒಂದು ನಿಮಿಷವೂ ಆಗುವುದಿಲ್ಲ. ಉಸಿರು ಬಿಡುವಾಗ ವೇಗಸ್ ಎಂಬ ನರದ ಮೂಲಕ ಹೃದಯದ ಬಡಿತ ನಿಧಾನವಾಗುತ್ತದೆ. ಅದಕ್ಕೇ ಬಿಡುವ ಉಸಿರು ಉದ್ದವಿರಬೇಕು. ಗ್ರಾಹಕರನ್ನು ಹೋಲ್ಡ್‌ನಲ್ಲಿ ಇಟ್ಟು ಮಾಹಿತಿ ಹುಡುಕುವಾಗಲೂ ಇದನ್ನು ಮಾಡಬಹುದು.

ಹೆಸರು. ಒಳಗೆ ಏನಾಗುತ್ತಿದೆ ಎಂಬುದಕ್ಕೆ ಒಂದು ಪದ ಕೊಡಿ. "ಅವಮಾನ", "ಭಯ", "ಸಿಟ್ಟು", "ಅಳು". ಹೆಸರಿಟ್ಟ ಭಾವನೆಯ ಹಿಡಿತ ಸಡಿಲವಾಗುತ್ತದೆ. ಹೆಸರಿಲ್ಲದ್ದು ಮನೆಯವರೆಗೂ ಹಿಂಬಾಲಿಸುತ್ತದೆ.

ಕಾಲು. ಎದ್ದು ನೀರು ತುಂಬಿಸಿಕೊಂಡು ಬನ್ನಿ. ಓಡಲು ಸಿದ್ಧವಾದ ಮೈಗೆ ನಾಲ್ಕು ಹೆಜ್ಜೆಯಾದರೂ ಬೇಕು. ಬ್ರೇಕ್ ಸಮಯದಲ್ಲಿ ಕುಳಿತಲ್ಲೇ ರೀಲ್ಸ್ ನೋಡಿದರೆ ಕಣ್ಣು ಬೇರೆ ಕಡೆ ಹೋಗುತ್ತದೆ, ಮೈ ಹಾಗೇ ಬಿಗಿದಿರುತ್ತದೆ.

ಜೊತೆ. ಕೆಟ್ಟ ಕರೆಯ ನಂತರ ಪಕ್ಕದವರಿಗೆ "ಎರಡು ನಿಮಿಷ ಕೇಳಣ್ಣ" ಎಂದು ಹೇಳಿಬಿಡಿ. ಆದರೆ ಒಂದೇ ಕರೆಯನ್ನು ಊಟದಲ್ಲಿ ಒಮ್ಮೆ, ಕ್ಯಾಬಿನಲ್ಲಿ ಒಮ್ಮೆ, ಮಲಗುವಾಗ ಒಮ್ಮೆ ಹೇಳುತ್ತ ಹೋದರೆ ಅದು ಹಗುರವಾಗುವುದಿಲ್ಲ, ಬೇರು ಬಿಡುತ್ತದೆ. ಒಮ್ಮೆ ಪೂರ್ತಿ ಹೇಳಿ, ಮುಗಿಸಿ.

6. ಹೊಸ್ತಿಲ ಹೊರಗೆ

ನಮ್ಮ ಆ ಗೆಳೆಯ ಮರುದಿನ ತಾಯಿಯ ಬಳಿ ಕ್ಷಮೆ ಕೇಳಿದ. ಆಮೇಲೆ ಒಂದು ಅಭ್ಯಾಸ ಮಾಡಿಕೊಂಡ. ಕ್ಯಾಬನ್ನು ಮನೆಯ ಬಾಗಿಲಿಗೆ ತರಿಸದೆ ಬೀದಿಯ ತಿರುವಿನಲ್ಲೇ ಇಳಿಯುತ್ತಿದ್ದ. ಅಲ್ಲಿಂದ ಮನೆಗೆ ನಡೆಯುವಷ್ಟರಲ್ಲಿ ಆ ದಿನದ ಅತಿ ಕೆಟ್ಟ ಕರೆಯನ್ನು ನೆನೆದು, "ಇದು ಕಂಪನಿಯದು, ಮನೆಯದಲ್ಲ" ಎಂದು ಮೆಲ್ಲಗೆ ಬಾಯಿಬಿಟ್ಟು ಹೇಳಿಕೊಳ್ಳುತ್ತಿದ್ದ. ಐಡಿ ಕಾರ್ಡು ತೆಗೆದು ಚೀಲಕ್ಕೆ ಹಾಕುತ್ತಿದ್ದ. ಮನೆಗೆ ಹೋಗಿ ಮುಖ ತೊಳೆದು ಆಮೇಲೆ ತಟ್ಟೆಯ ಮುಂದೆ ಕೂರುತ್ತಿದ್ದ. ಇದು ಸಣ್ಣ ಕೆಲಸ, ಆದರೆ ಕೆಲಸಕ್ಕೂ ಮನೆಗೂ ನಡುವೆ ಒಂದು ಬಾಗಿಲು ಬೇಕೆಂದು ಮನಸ್ಸಿಗೆ ಕಲಿಸುತ್ತದೆ.

ಮನೆಯವರಿಗೂ ಒಂದು ಬಿನ್ನಹ. ದುಡಿದು ಬಂದ ಮಕ್ಕಳಿಗೆ ಬಾಗಿಲಲ್ಲೇ ಸಾಲದ ಕಂತು, ನೀರಿನ ಬಿಲ್ಲು, ನೆಂಟರ ಜಗಳ ಹೇಳಬೇಡಿ. ಅರ್ಧ ಗಂಟೆ ಕೊಡಿ. "ಯಾಕೆ ಮುಖ ಹೀಗಿದೆ?" ಎನ್ನುವ ಬದಲು "ಇವತ್ತು ಬಹಳ ಜನ ಬೈದ್ರಾ?" ಎಂದು ಕೇಳಿ. ಸಲಹೆ ಕೊಡದಿದ್ದರೂ ಸರಿ, ಕೇಳಿದರೆ ಸಾಕು.

7. ಬರೀ ದಣಿವಲ್ಲ ಎಂದು ತಿಳಿಯುವುದು ಹೇಗೆ?

ರಜೆಯ ದಿನ ನಿದ್ದೆ ಮಾಡಿದರೆ ಹೋಗುವುದು ದಣಿವು. ಹಾಗೆ ಹೋಗದ ಒಂದು ಸವೆತವೂ ಉಂಟು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತನ್ನ ರೋಗಗಳ ಪಟ್ಟಿಯ 11ನೇ ಆವೃತ್ತಿಯಲ್ಲಿ ಇದನ್ನು "ಬರ್ನ್‌ಔಟ್" ಎಂದು ವಿವರಿಸಿತು. ಅದನ್ನು ರೋಗವೆಂದು ಕರೆಯಲಿಲ್ಲ, ಕೆಲಸದ ಒತ್ತಡವನ್ನು ಸರಿಯಾಗಿ ನಿಭಾಯಿಸದೆ ಹೋದಾಗ ಉಂಟಾಗುವ ಸ್ಥಿತಿ ಎಂದಿತು. ಅದರ ಗುರುತು ಮೂರು: ಶಕ್ತಿಯೆಲ್ಲ ಬತ್ತಿಹೋದ ಭಾವ, ಕೆಲಸದ ಬಗ್ಗೆ ಬೇಸರ ಅಥವಾ ತಾತ್ಸಾರ, "ನನ್ನಿಂದ ಏನೂ ಆಗಲ್ಲ" ಎಂಬ ಅನಿಸಿಕೆ. ಕಷ್ಟ ಹೇಳಿಕೊಳ್ಳುವ ಗ್ರಾಹಕರೆಲ್ಲ ನಿಮಗೆ ಸುಳ್ಳುಗಾರರಂತೆ ಕಾಣಲು ಶುರುವಾದರೆ ಎಚ್ಚರಗೊಳ್ಳಿ. ಇಲ್ಲಿ ಬದಲಾಗಬೇಕಾದದ್ದು ನಾವು ಮಾತ್ರವಲ್ಲ. ಶಿಫ್ಟ್, ಬ್ರೇಕ್, ಟಾರ್ಗೆಟ್ ಬಗ್ಗೆ ಮೇಲಿನವರ ಬಳಿ ಮಾತನಾಡಬೇಕು. ಒಬ್ಬರೇ ಹೋಗುವುದಕ್ಕಿಂತ ನಾಲ್ಕು ಜನ ಸೇರಿ ಹೋದರೆ ಮಾತಿಗೆ ತೂಕ ಬರುತ್ತದೆ. ಏನೂ ಬದಲಾಗದಿದ್ದರೆ ಬೇರೆ ಕೆಲಸ ನೋಡಿಕೊಳ್ಳುವುದು ಅವಮಾನವಲ್ಲ.

ಇದಕ್ಕಿಂತ ಮುಂದಿನ ಹಂತವೊಂದಿದೆ. ಎರಡು ವಾರಕ್ಕೂ ಹೆಚ್ಚು ಕಾಲ ದಿನದ ಬಹುಹೊತ್ತು ಮನಸ್ಸು ಕುಗ್ಗಿದ್ದರೆ, ಇಷ್ಟವಾದದ್ದೂ ಬೇಡವಾದರೆ, ನಿದ್ದೆ ಹಸಿವು ಕೆಟ್ಟರೆ, ಬದುಕಿದ್ದು ಏನು ಎಂಬ ಯೋಚನೆ ಬಂದರೆ ಅದು ಚಿಕಿತ್ಸೆ ಬೇಕಾದ ವಿಷಯ. ದೃಷ್ಟಿ ತೆಗೆಸಿ ಕಾಯುವ ಹೊತ್ತು ಅಲ್ಲ. ಭಾರತ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 2022ರ ಅಕ್ಟೋಬರ್ 10ರಂದು ಶುರುವಾಯಿತು. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೂ ಮಾತನಾಡಬಹುದು. ನಾವು ದಿನವೂ ಹೋಗುವ ಹೊಸೂರು ರಸ್ತೆಯಲ್ಲೇ, ಬೆಂಗಳೂರಿನ ಕಡೆಗೆ, ನಿಮ್ಹಾನ್ಸ್ ಆಸ್ಪತ್ರೆ ಇದೆ. ಮಾನಸಿಕ ಆರೋಗ್ಯ ಸೇವೆ ಪಡೆಯುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಮಗೆ ಕೊಟ್ಟ ಹಕ್ಕು. ಅದೇ ಕಾಯ್ದೆಯ ಪ್ರಕಾರ, ಮೈಯ ಕಾಯಿಲೆಗೆ ಇರುವಂತೆ ಮನಸ್ಸಿನ ಕಾಯಿಲೆಗೂ ವಿಮಾ ಕಂಪನಿಗಳು ರಕ್ಷಣೆ ಕೊಡಬೇಕು. ಒಬ್ಬರೇ ಹೋಗಲು ಹಿಂಜರಿಕೆಯಾದರೆ ನಮ್ಮಲ್ಲಿ ಯಾರಿಗಾದರೂ ಹೇಳಿ. ಜೊತೆಗೆ ಬರುತ್ತೇವೆ, ವಿಷಯ ನಮ್ಮಲ್ಲೇ ಉಳಿಯುತ್ತದೆ.

8. ನಾವೂ ಕೂಗುವವರೇ

ಕೊನೆಯ ಮಾತು ಸ್ವಲ್ಪ ಕಹಿ. ಹೆಡ್‌ಸೆಟ್ ಕಳಚಿದ ಮೇಲೆ ನಾವೂ ಗ್ರಾಹಕರೇ. ರೇಷನ್ ಅಂಗಡಿಯಲ್ಲಿ ಸರ್ವರ್ ಕೆಟ್ಟಾಗ, ಬ್ಯಾಂಕಿನಲ್ಲಿ ಪಾಸ್‌ಬುಕ್ ಯಂತ್ರ ನಿಂತಾಗ, ಬಸ್ಸಿನಲ್ಲಿ ಚಿಲ್ಲರೆ ಇಲ್ಲದಾಗ, ಅಷ್ಟೇಕೆ, ಧರ್ಮಕೇಂದ್ರದ ಕಚೇರಿಯಲ್ಲಿ ಜ್ಞಾನಸ್ನಾನದ ಸರ್ಟಿಫಿಕೇಟ್ ತಡವಾದಾಗ ನಮ್ಮ ದನಿ ಹೇಗಿರುತ್ತದೆ? ತಮಿಳು ಪೂಜೆ ಮುಗಿಯುವುದು ಹತ್ತು ನಿಮಿಷ ತಡವಾಗಿ ಕನ್ನಡ ಪೂಜೆಗೆ ಕಾಯಬೇಕಾದಾಗ ಬಾಗಿಲಲ್ಲಿ ನಿಂತ ಉಪದೇಶಿಯವರಿಗೆ ನಾವು ಏನೆಲ್ಲ ಹೇಳಿದ್ದೇವೆ? ಕೌಂಟರಿನ ಆಚೆ ಇರುವವರಿಗೂ ರಾತ್ರಿ ಹನ್ನೊಂದಕ್ಕೆ ಮುದ್ದೆ ಇಟ್ಟು ಕಾಯುವ ತಾಯಿಯೊಬ್ಬರಿರುತ್ತಾರೆ. ನಾವು ಇಲ್ಲಿ ಎಸೆದ ಮಾತು ಆ ಮನೆಯ ತಟ್ಟೆಯ ಮುಂದೆ ಹೋಗಿ ಬೀಳಬಹುದು.

ಗುಂಪಿನಲ್ಲಿ ಚರ್ಚಿಸಲು

ಕಳೆದ ವಾರ ನೀವು ಕೇಳಿದ ಕೋಪದ ಮಾತು ಮೇಲಿನ ಮೂರು ಬಗೆಗಳಲ್ಲಿ ಯಾವುದು? ನೀವು ಕೊಟ್ಟ ಉತ್ತರ ಆ ಬಗೆಗೆ ತಕ್ಕದ್ದಾಗಿತ್ತೇ?

ಕೆಲಸದ ಸಿಟ್ಟನ್ನು ಮನೆಯಲ್ಲಿ ಯಾರ ಮೇಲೆ ಇಳಿಸಿದ್ದೀರಿ? ಅವರ ಬಳಿ ಮಾತನಾಡಿದ್ದೀರಾ?

ನೀವು ದುಡಿಯುವ ಕಡೆ ಬೆದರಿಕೆಯ ಅಥವಾ ಅಶ್ಲೀಲ ಕರೆಗೆ ನಿಯಮವಿದೆಯೇ? ಮುಂದಿನ ಕೂಟಕ್ಕೆ ಕೇಳಿ ತಿಳಿದು ಬನ್ನಿ.

ಈ ವಾರದ ಅಭ್ಯಾಸ

ಮನೆಯ ಹೊಸ್ತಿಲು ದಾಟುವ ಮುಂಚೆ ಒಂದು ನಿಮಿಷ ನಿಲ್ಲಿ. ಐದು ಉಸಿರು. ಹೊರಗಿನದನ್ನು ಹೊರಗೇ ಬಿಟ್ಟು ಒಳಗೆ ಬನ್ನಿ. ಮತ್ತೆ, ಈ ವಾರ ಯಾವುದಾದರೂ ಕೌಂಟರಿನಲ್ಲಿ ನಿಮ್ಮ ಕೆಲಸ ಮಾಡಿಕೊಟ್ಟವರಿಗೆ ಮುಖ ನೋಡಿ ಒಂದು ಒಳ್ಳೆಯ ಮಾತು ಹೇಳಿ. ಅವರು ಅಂದು ಮನೆಗೆ ಕೊಂಡೊಯ್ಯುವುದು ಅದೇ ಆಗಲಿ.